ಒತ್ತಕ್ಷರಕ್ಕೆ ದುಡ್ಡಿಲ್ಲ

ಡೂಮ್‌ಲೈಟ್ ವೃತ್ತದಿಂದ ಮೂರನೇ ಅಂಗಡಿ ನನ್ನದು.
ಟ್ಯೂಬ್‌ಲೈಟ್ ಎರಡು, ಬಿಲ್ಲಿಗೆ ಹೆದರಿ ಉರಿಯುವುದು ಒಂದೇ.
ಹಿತ್ತಾಳೆ, ತಾಮ್ರ, ಗಾಜು,
ಏನು ಕೊಟ್ಟರೂ ಹೆಸರು ಕೊರೆಯುತ್ತೇನೆ:
ಕಬಡ್ಡಿ ಕಪ್ಪು, ಮದುವೆ ಬಿಂದಿಗೆ,
ಡೇರಿಗೆ ಅತಿ ಹೆಚ್ಚು ಹಾಲು ಹಾಕಿದಾಕೆಯ ಫಲಕ,
ನಿವೃತ್ತ ತಹಶೀಲ್ದಾರರ ಬೆಳ್ಳಿಬಣ್ಣದ ತಟ್ಟೆ.
ಅಕ್ಷರಕ್ಕೆ ನಾಲ್ಕು ರೂಪಾಯಿ.
ಒತ್ತಕ್ಷರಕ್ಕೆ ದುಡ್ಡಿಲ್ಲ, ಅದು ನಮ್ಮಪ್ಪನ ಕಾಲದ ಲೆಕ್ಕ:
ಕೆಳಗೆ ಕೂತವನು ನೆಂಟ,
ನೆಂಟನಿಗೆ ಯಾರಾದರೂ ಬಾಡಿಗೆ ಕೇಳುತ್ತಾರೆಯೇ?

ಆ ಗುರುವಾರ ಬೆಂಗಳೂರಿನ ಯಾವುದೋ ಸಮಿತಿಯ ಚೀಟಿ ಬಂತು:
ಕ್ರೈಸ್ತ ಯೆಹೂದ್ಯ ಸೌಹಾರ್ದ ಪುರಸ್ಕಾರ,
ಶ್ರೀಮತಿ ಕೃಪಾಮಣಿ ದೇವಸಹಾಯ, ನಿವೃತ್ತ ನರ್ಸ್, ಕೋಲಾರ.
ಎರಡು ಸಲ ಓದಿದೆ.
ಕೋಲಾರದಲ್ಲಿ ಯೆಹೂದ್ಯರೇ?
ಟೊಮೇಟೊ ಮಂಡಿಯಲ್ಲಿ ಕಂಡಿಲ್ಲ,
ರೇಷ್ಮೆಗೂಡಿನ ಹರಾಜಿನಲ್ಲಿ ಕಂಡಿಲ್ಲ,
ಕ್ಲಾಕ್ ಟವರಿನ ಸಂದಿಗಳಲ್ಲಂತೂ ನನಗೆ ಗೊತ್ತಿಲ್ಲದ ಮುಖವಿಲ್ಲ.
ಇಲ್ಲದವರ ಮೇಲೆ ಸಿಟ್ಟು ಮಾಡಬಹುದು,
ಅದಕ್ಕೆ ಟೀವಿ ಸಾಕು.
ಸೌಹಾರ್ದಕ್ಕೆ ಆಳು ಎದುರಿಗೆ ಬೇಕಲ್ಲ.

ಕಾಗುಣಿತ ನೋಡಲು ಅವರೇ ಬಂದರು.
ಎಪ್ಪತ್ತೆಂಟರ ಮೈ, ಕಂಕುಳಲ್ಲಿ ಛತ್ರಿ,
ಮಣಿಕಟ್ಟಿನ ಒಳಬದಿಗೆ ಮುಖ ಮಾಡಿ ಕಟ್ಟಿದ ವಾಚು.
"ಮಣಿಯ ಣ ಸರಿಯಾಗಿದೆಯಾ, ತೋರಿಸು" ಎಂದರು.
ಸ್ಟೂಲು ಹಾಕಿದೆ. ತಡೆಯಲಾರದೆ ಕೇಳಿಯೇ ಬಿಟ್ಟೆ.

"ಹೆಡ್ವಿಗ್ ಡಾಕ್ಟ್ರಮ್ಮ.
ಯುದ್ಧಕ್ಕೆ ಮುಂಚೆ ಒಂದೇ ಪೆಟ್ಟಿಗೆ ಹಿಡಿದು
ಮಿಶನ್ ಆಸ್ಪತ್ರೆಗೆ ಬಂದವರು.
ಹುಟ್ಟಿದಾಗ ನನ್ನನ್ನು ತಲೆಕೆಳಗು ಹಿಡಿದು
ಬೆನ್ನಿಗೆ ಬಾರಿಸಿ ಅಳಿಸಿದ್ದು ಅವರೇ.
ಕೊನೆಗಾಲಕ್ಕೆ ಎರಡೂ ಕಣ್ಣು ಹೋದವು.
ಅಂತರಗಂಗೆ ರಸ್ತೆಯ ತುದಿಯಲ್ಲಿ ಹೆಂಚಿನ ಮನೆ.
ಶುಕ್ರವಾರ ಹೊತ್ತು ಮುಳುಗುವ ಮುಂಚೆ
ಎರಡು ಮೇಣದಬತ್ತಿ ಹಚ್ಚಬೇಕು, ಮನೆ ಹೆಂಗಸೇ ಹಚ್ಚಬೇಕು.
ನಾನು ಹೋಗಿ ಕೈ ಹಿಡಿಯುತ್ತಿದ್ದೆ.
ಕಡ್ಡಿ ಅವರದು, ಕಣ್ಣು ನನ್ನದು.
ಹನ್ನೊಂದು ವರ್ಷ.
ಅಷ್ಟಕ್ಕೇ ಇದು" ಎಂದು ಫಲಕವನ್ನು ಬೆರಳಲ್ಲಿ ತಟ್ಟಿದರು.

ಯಂತ್ರ ನಿಲ್ಲಿಸಿದೆ.
ಅವರು ಏಳಲಿಲ್ಲ.

"ಒಂದು ವರ್ಷ ಶುಭ ಶುಕ್ರವಾರ.
ಮೂರು ಗಂಟೆ ಚರ್ಚಿನಲ್ಲಿ ಉಪವಾಸ ಕೂತು ಕೇಳಿದ್ದೆ,
ಯೆಹೂದ್ಯರು, ಯೆಹೂದ್ಯರು, ಮೊಳೆ ಹೊಡೆಸಿದವರು.
ಹೊರಗೆ ಬಂದಾಗ ಬಿಸಿಲು ಇಳಿದಿತ್ತು.
ಚಪ್ಪಲಿ ಮೆಟ್ಟಿಕೊಂಡೆ.
ಅಂತರಗಂಗೆ ಕಡೆ ತಿರುಗಲಿಲ್ಲ.

ಮಾರನೇ ಸಂಜೆ ಹೋದೆ.
ಬತ್ತಿಗಳು ಎರಡೂ ನೆಟ್ಟಗೆ, ಹೊಸವು.
ಮೇಜಿನ ತುಂಬ ಗೀರಿ ಮುರಿದ ಕಡ್ಡಿಗಳು.
ನರ್ಸಿನ ಕಣ್ಣು ನೋಡು, ಮೊದಲು ಕಂಡದ್ದು ಬೆರಳಿನ ಬೊಬ್ಬೆ.
'ನಿನ್ನೆ ಸಾವಿನ ಮನೆಗೆ ಹೋಗಿದ್ದೆಯೇನೇ?' ಅಂದರು.
ಹೂಂ ಅಂದೆ.
'ಗೊತ್ತು' ಅಂದರು.
'ಹೋದ ಹುಡುಗ ನಮ್ಮ ಪೈಕಿ.
ನನ್ನನ್ನೂ ಕರೆಯಬಹುದಿತ್ತು.'"

ನಾನು ಹಿತ್ತಾಳೆಯ ಪುಡಿ ಊದಿದೆ.
ಊದುವಷ್ಟು ಪುಡಿ ಇರಲಿಲ್ಲ.

"ಹಿಂದುಗಡೆ ಖಾಲಿ ಇದೆಯಲ್ಲ" ಎಂದರು,
"ಬರಿ: ಒಂದು ಶುಕ್ರವಾರ ಹೋಗಲಿಲ್ಲ.
ಸಣ್ಣಗೆ. ವೇದಿಕೆಯವರಿಗೆ ಕಾಣುವುದು ಬೇಡ."
ಬೆರಳು ಮಡಿಸಿ ಎಣಿಸಿದೆ.
"ಹತ್ತಕ್ಷರ, ನಲವತ್ತು ರೂಪಾಯಿ.
ಕ್ರ ಮತ್ತು ಲ್ಲ ಇವೆ, ಒತ್ತಿಗೆ ದುಡ್ಡಿಲ್ಲ."
"ಇದರಲ್ಲಿ ಬಿಡಬೇಡ" ಎಂದರು, "ಒತ್ತನ್ನೂ ಹಿಡಿ."
ನಲವತ್ತೆಂಟು, ಚಿಲ್ಲರೆಯಲ್ಲೇ ಎಣಿಸಿಟ್ಟು
ಛತ್ರಿ ಬಿಚ್ಚದೆ ಬಿಸಿಲಿಗೆ ಇಳಿದರು.

ಮರುದಿನ ಜುಮ್ಮಾ.
ನಮಾಜು ಮುಗಿಸಿ ಬಂದು ಷಟರು ಎತ್ತಿ
ಹಿಂಬದಿ ಕೊರೆದೆ.
ಹೋಗಲಿಲ್ಲದ ಲ್ಲ ಸ್ವಲ್ಪ ಆಳವಾಯಿತು, ಕೈ ತಪ್ಪಿತು,
ಮುಂದಿನಿಂದ ಬೆರಳಾಡಿಸಿದರೆ ಗೊತ್ತಾಗುತ್ತದೆ.
ತೊಳೆದು ಬೆನ್ನು ಮೇಲಾಗಿ ಒಣಗಲಿಟ್ಟೆ.

ಹೊತ್ತು ಮುಳುಗುವುದು ಎಷ್ಟಕ್ಕೆಂದು
ನನಗೆ ದಿನವೂ ಗೊತ್ತು,
ಮಸೀದಿಯ ಹಲಗೆಯಲ್ಲಿ ಬರೆದಿರುತ್ತಾರೆ.
ಅವತ್ತು ಕಾಲುಗಂಟೆ ಮುಂಚೆಯೇ ಎದ್ದು
ಲೈಟು ಹಾಕಿದೆ.
"ಏನಣ್ಣ, ಎರಡೂ?" ಎಂದ ಪಕ್ಕದ ಟೈಲರು.